ನೋಟ್‌ಬುಕ್‌ಎಲ್‌ಎಂ ವಿಮರ್ಶೆ: ಪಾಠ ತಯಾರಿಯ ಮೇಜಿಗೆ ಒಳ್ಳೆಯದು, ಮಕ್ಕಳ ಕೈಗೆ ಇನ್ನೂ ಅಲ್ಲ

ಶಿಕ್ಷಕರಿಗೆ ಯಾವ ಎಐ ಉಪಕರಣ ಒಳ್ಳೆಯದು ಎಂದು ತೂಗಿ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಅದು ಕೊಟ್ಟ ಉತ್ತರ ಸರಿಯೇ ಎಂದು ಪರೀಕ್ಷಿಸಲು ಎಷ್ಟು ಹೊತ್ತು ಹಿಡಿಯುತ್ತದೆ? ಹತ್ತು ಪ್ರಶ್ನೆ ಬರೆದುಕೊಡಲು ಯಾವ ಚಾಟ್‌ಬಾಟಿಗೂ ಅರ್ಧ ನಿಮಿಷ ಬೇಡ. ಆ ಹತ್ತರಲ್ಲಿ ಪಠ್ಯದೊಳಗಿನವು ಯಾವುವು, ಹೊರಗಿನಿಂದ ನುಸುಳಿದವು ಯಾವುವು, ಎಲ್ಲಿ ಉತ್ತರಸೂಚಿಯೇ ತಪ್ಪಿದೆ ಎಂದು ಹುಡುಕಲು ಕೂತರೆ ಉಳಿದ ಸಮಯವೆಲ್ಲ ಅಲ್ಲೇ ಕರಗುತ್ತದೆ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಈ ಒಂದು ವಿಚಾರದಲ್ಲಿ ಉಳಿದವುಗಳಿಗಿಂತ ಸ್ಪಷ್ಟವಾಗಿ ಮುಂದಿದೆ. ನೀವು ಕೊಟ್ಟ ಪಠ್ಯವನ್ನು ಆಧರಿಸಿ ಉತ್ತರಿಸುತ್ತದೆ, ಪ್ರತಿ ಮಾತಿನ ಪಕ್ಕದಲ್ಲೂ ಒಂದು ಪುಟ್ಟ ಅಂಕಿ ಇಡುತ್ತದೆ, ಆ ಅಂಕಿ ಒತ್ತಿದರೆ ಪಠ್ಯದ ಯಾವ ಸಾಲಿನಿಂದ ಅದು ಬಂತೆಂದು ತೋರಿಸುತ್ತದೆ.

2023ರ ಮೇ ತಿಂಗಳಲ್ಲಿ ‘ಪ್ರಾಜೆಕ್ಟ್ ಟೇಲ್‌ವಿಂಡ್’ ಎಂಬ ಹೆಸರಿನಲ್ಲಿ ಇದು ಮೊದಲು ಪ್ರಕಟವಾಯಿತು. ಅದೇ ವರ್ಷದ ಜುಲೈಯಲ್ಲಿ ಈಗಿನ ಹೆಸರು ಬಂತು. ಒಳಗಿರುವುದು ಗೂಗಲ್‌ನ ಜೆಮಿನಿ ಎಂಬ ಎಐ ಮಾದರಿ. ಪರದೆಯಲ್ಲಿ ಮೂರು ಭಾಗಗಳಿವೆ: ಪಠ್ಯಗಳನ್ನು ಸೇರಿಸುವ ‘ಸೋರ್ಸಸ್’, ಪ್ರಶ್ನೆ ಕೇಳುವ ‘ಚಾಟ್’, ಕ್ವಿಜ್, ಫ್ಲ್ಯಾಶ್‌ಕಾರ್ಡ್, ಮೈಂಡ್ ಮ್ಯಾಪ್, ಆಡಿಯೋ ಇತ್ಯಾದಿ ತಯಾರಿಸುವ ‘ಸ್ಟುಡಿಯೋ’. ಉಚಿತ ಖಾತೆಯಲ್ಲಿ ಒಂದು ನೋಟ್‌ಬುಕ್‌ಗೆ 50 ಸೋರ್ಸ್‌ಗಳವರೆಗೆ ಸೇರಿಸಬಹುದು. ಒಂದೊಂದೂ ಐದು ಲಕ್ಷ ಪದಗಳವರೆಗೆ ಇರಬಹುದು. ಒಬ್ಬ ಶಿಕ್ಷಕರ ಒಂದು ವರ್ಷದ ಕೆಲಸಕ್ಕೆ ಇದು ಧಾರಾಳ. ಆದರೆ 50 ಸೋರ್ಸ್ ಹಿಡಿಸುತ್ತದೆ ಎಂದು 50ನ್ನೂ ತುಂಬುವುದೇ ಮೊದಲ ತಪ್ಪು.

ಏನು ತುಂಬಬೇಕು

ಇಡೀ ಪಠ್ಯಪುಸ್ತಕವನ್ನು ಒಂದೇ ಪಿಡಿಎಫ್ ಆಗಿ ಹಾಕಿದರೆ ಉತ್ತರಗಳು ತೆಳುವಾಗುತ್ತವೆ. ಪ್ರಶ್ನೆ ಕೇಳಿದಾಗ ಉಪಕರಣ ಸಂಬಂಧವಿದೆ ಎನಿಸಿದ ತುಣುಕುಗಳನ್ನು ಆರಿಸಿ ಅವುಗಳ ಮೇಲೆ ಉತ್ತರ ಕಟ್ಟುತ್ತದೆ. ‘ಶಕ್ತಿ’ ಎಂಬ ಪದ ಆರು ಅಧ್ಯಾಯಗಳಲ್ಲಿ ಬಂದರೆ ಆರರಿಂದಲೂ ಚೂರುಚೂರು ಎತ್ತಿ ತರುತ್ತದೆ. ಮಕ್ಕಳು ಇನ್ನೂ ಓದದ ಅಧ್ಯಾಯದ ವಿಷಯ ಇವತ್ತಿನ ಪರೀಕ್ಷೆಗೆ ನುಸುಳುವುದು ಹೀಗೆ. ಅಧ್ಯಾಯಕ್ಕೊಂದು ನೋಟ್‌ಬುಕ್ ಮಾಡುವುದು ಒಳ್ಳೆಯದು. ಪುಸ್ತಕವನ್ನು ಒಟ್ಟಾಗಿಯೇ ಇಡಬೇಕೆಂದಿದ್ದರೆ ಅಧ್ಯಾಯಗಳನ್ನು ಬೇರೆ ಬೇರೆ ಫೈಲ್ ಮಾಡಿ ಸೇರಿಸಿ. ಪ್ರತಿ ಸೋರ್ಸ್‌ನ ಪಕ್ಕದಲ್ಲಿ ಒಂದು ಗುರುತುಚೌಕ ಇದೆ; ಬೇಡದವುಗಳ ಗುರುತು ತೆಗೆದರೆ ಆ ಪ್ರಶ್ನೆಯ ಮಟ್ಟಿಗೆ ಅವು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಅಧ್ಯಾಯದ ನೋಟ್‌ಬುಕ್‌ನಲ್ಲಿ ಐದು ಸೋರ್ಸ್ ಇದ್ದರೆ ಸಾಕು: ಅಧ್ಯಾಯದ ಪಠ್ಯ, ಕಲಿಕಾ ಉದ್ದೇಶಗಳಿರುವ ಪುಟ, ಹಿಂದಿನ ಪ್ರಶ್ನೆಪತ್ರಿಕೆಗಳಿಂದ ಆಯ್ದ ಪ್ರಶ್ನೆಗಳು, ಪದಪಟ್ಟಿ, ಮತ್ತು ತಪ್ಪುಗಳ ಪಟ್ಟಿ. ಮೊದಲ ಮೂರು ಎಲ್ಲರಿಗೂ ಹೊಳೆಯುತ್ತವೆ. ಕೊನೆಯ ಎರಡನ್ನು ಶಿಕ್ಷಕರು ತಾವೇ ಬರೆಯಬೇಕು, ಮತ್ತು ಈ ಉಪಕರಣದಿಂದ ಬರುವ ಫಲದ ಮುಕ್ಕಾಲು ಪಾಲು ನಿಂತಿರುವುದು ಅವೆರಡರ ಮೇಲೆ.

ಪದಪಟ್ಟಿ ಏಕೆಂದರೆ, ಕನ್ನಡದಲ್ಲಿ ಕೇಳಿದಾಗ ಎಲ್ಲ ಎಐ ಮಾದರಿಗಳೂ ಪಾರಿಭಾಷಿಕ ಪದಗಳಲ್ಲಿ ಜಾರುತ್ತವೆ. ಭೌತವಿಜ್ಞಾನದಲ್ಲಿ ‘ಜವ’ಕ್ಕೆ ದಿಕ್ಕಿಲ್ಲ, ‘ವೇಗ’ಕ್ಕೆ ದಿಕ್ಕಿದೆ. ಮಾತಿನ ಕನ್ನಡದಲ್ಲಿ ಎರಡಕ್ಕೂ ‘ವೇಗ’ ಎಂದೇ ಅನ್ನುತ್ತೇವೆ, ಮಾದರಿಯೂ ಹಾಗೇ ಬರೆಯುತ್ತದೆ. ಪ್ರಶ್ನೆಯ ಅರ್ಥವೇ ಅಲ್ಲಿ ಕೆಡುತ್ತದೆ. ‘ದ್ರವ್ಯರಾಶಿ’ ಬರಬೇಕಾದ ಕಡೆ ‘ತೂಕ’, ‘ತಾಪ’ ಬರಬೇಕಾದ ಕಡೆ ‘ಶಾಖ’ ಬರುವುದೂ ಇದೇ ಬಗೆಯದು. ಒಂದೇ ಹಾಳೆಯಲ್ಲಿ ಮೊದಲ ಪ್ರಶ್ನೆಗೆ ‘ಪತ್ರಹರಿತ್ತು’, ಮೂರನೆಯದಕ್ಕೆ ‘ಕ್ಲೋರೋಫಿಲ್’, ಐದನೆಯದಕ್ಕೆ ‘ಹಸಿರು ವರ್ಣದ್ರವ್ಯ’ ಎಂದಿದ್ದರೆ ಮಗು ಇವು ಮೂರು ಬೇರೆ ವಸ್ತುಗಳೆಂದು ತಿಳಿಯುವುದು ಸಹಜ. ಅಧ್ಯಾಯದ 30ರಿಂದ 40 ಪದಗಳನ್ನು ಒಂದು ಪುಟದಲ್ಲಿ ಬರೆದು, ಪ್ರತಿಯೊಂದರ ಮುಂದೆ ಒಂದು ಸಾಲಿನ ಅರ್ಥವನ್ನೂ ‘ಈ ಪದದ ಬದಲು ಇದನ್ನು ಬಳಸಬಾರದು’ ಎಂಬ ಸೂಚನೆಯನ್ನೂ ಸೇರಿಸಿ. ಚಾಟ್‌ನ ಸಂರಚನೆಯಲ್ಲಿ ಸ್ವಂತ ಸೂಚನೆ ಬರೆಯಲು ಜಾಗವಿದೆ. ಅಲ್ಲಿ ‘ಪದಪಟ್ಟಿ ಎಂಬ ಸೋರ್ಸ್‌ನಲ್ಲಿರುವ ಪದಗಳನ್ನೇ ಬಳಸು’ ಎಂದು ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಹೇಳುವ ಕೆಲಸ ತಪ್ಪುತ್ತದೆ. ಜಾರುವುದು ಪೂರ್ತಿ ನಿಲ್ಲುವುದಿಲ್ಲ, ಗಣನೀಯವಾಗಿ ಇಳಿಯುತ್ತದೆ.

ತಪ್ಪುಗಳ ಪಟ್ಟಿ ಇನ್ನೂ ಮುಖ್ಯ. ಈ ಅಧ್ಯಾಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಪಾಠ ಮಾಡುವವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ದಶಮಾಂಶದ ಪಾಠವಾದರೆ: 45 ದೊಡ್ಡದು, 5 ಚಿಕ್ಕದು, ಹಾಗಾಗಿ 0.45 ಎಂಬುದು 0.5ಕ್ಕಿಂತ ದೊಡ್ಡದು ಎಂಬ ಎಣಿಕೆ. ಭಿನ್ನರಾಶಿಯಾದರೆ: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 1/3 + 1/4 = 2/7 ಎನ್ನುವುದು. ದ್ಯುತಿಸಂಶ್ಲೇಷಣೆಯಾದರೆ: ಗಿಡದ ತೂಕವೆಲ್ಲ ಮಣ್ಣಿನಿಂದ ಬಂದದ್ದು, ಗೊಬ್ಬರವೇ ಗಿಡದ ಆಹಾರ, ಗಿಡ ರಾತ್ರಿ ಮಾತ್ರ ಉಸಿರಾಡುತ್ತದೆ. ಇಂತಹ 8ರಿಂದ 10 ಸಾಲುಗಳಿಗೆ ಕ್ರಮಸಂಖ್ಯೆ ಕೊಟ್ಟು ಬರೆದು ಸೋರ್ಸ್ ಆಗಿ ಸೇರಿಸಿ. ಶೀರ್ಷಿಕೆಯಲ್ಲೇ ‘ಇವು ಮಕ್ಕಳ ತಪ್ಪು ಕಲ್ಪನೆಗಳು, ಸತ್ಯಗಳಲ್ಲ’ ಎಂದು ಬರೆಯುವುದನ್ನು ಮರೆಯಬೇಡಿ. ಬರೆಯದಿದ್ದರೆ ಉಪಕರಣ ಅವನ್ನೂ ಪಾಠದ ವಿಷಯವೆಂದೇ ಓದಿ, ‘ಗೊಬ್ಬರವು ಗಿಡದ ಆಹಾರ’ ಎಂಬ ವಾಕ್ಯವನ್ನು ಅಂಕಿಯ ಸಮೇತ ಎದುರಿಗಿಟ್ಟೀತು.

ಕನ್ನಡ ಪಿಡಿಎಫ್‌ನ ತೊಡಕು

ಕನ್ನಡದಲ್ಲಿ ಪಾಠ ಮಾಡುವವರಿಗೆ ಮೊದಲ ದಿನವೇ ಎದುರಾಗುವ ತೊಡಕು ಇದು. ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಹಲವು, ಅಕ್ಷರಗಳನ್ನು ಕಂಪ್ಯೂಟರ್ ಗುರುತಿಸುವ ಈಗಿನ ಸರ್ವಮಾನ್ಯ ಸಂಕೇತವಾದ ಯುನಿಕೋಡ್‌ನಲ್ಲಿಲ್ಲ. ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಅಚ್ಚಾದ ಪುಟ ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ ಫೈಲಿನ ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಗೋಜಲು. ಉಪಕರಣ ಓದುವುದು ಆ ಗೋಜಲನ್ನು. ಅದಕ್ಕೆ ಅರ್ಥವಾಗದಿದ್ದಾಗ ಒಮ್ಮೊಮ್ಮೆ ಖಾಲಿ ಕೈ ತೋರಿಸುತ್ತದೆ, ಒಮ್ಮೊಮ್ಮೆ ಅಲ್ಲಲ್ಲಿ ಸಿಕ್ಕ ಅಂಕಿ-ಹೆಸರುಗಳನ್ನು ಹಿಡಿದು ಊಹೆಯ ಉತ್ತರ ಕೊಡುತ್ತದೆ. ಅಪಾಯ ಎರಡನೆಯದು.

ಪರೀಕ್ಷಿಸುವ ಬಗೆ ಸುಲಭ. ಸೇರಿಸಿದ ಕೂಡಲೇ ಆ ಸೋರ್ಸ್‌ನ ಹೆಸರು ಒತ್ತಿ ತೆರೆಯಿರಿ; ಉಪಕರಣ ಓದಿಕೊಂಡ ಪಠ್ಯ ಅಲ್ಲಿ ಕಾಣುತ್ತದೆ. ಕನ್ನಡ ಕಂಡರೆ ಸರಿ. ಗೋಜಲು ಕಂಡರೆ ಪಠ್ಯವನ್ನು ನಕಲಿಸಿ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಬಂದದ್ದನ್ನು ತಿದ್ದಿ, ‘ನಕಲಿಸಿದ ಪಠ್ಯ’ವಾಗಿ ಸೇರಿಸಿ. ಸ್ಕ್ಯಾನ್ ಮಾಡಿದ ಪುಟಗಳಾದರೆ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸುವ ಕೆಲಸ ನಡೆಯುತ್ತದೆ, ಕನ್ನಡಕ್ಕೂ ಆಗುತ್ತದೆ. ಐದೈದು ಪುಟಗಳ ಚಿಕ್ಕ ಫೈಲ್‌ಗಳಾಗಿ ಮಾಡಿಕೊಂಡರೆ ಕೈಬಿಟ್ಟುಹೋಗುವ ಸಾಲುಗಳು ಕಡಿಮೆ.

ಹೀಗೆ ಬಂದ ಪಠ್ಯದಲ್ಲಿ ತಪ್ಪುಗಳು ಗೊತ್ತಾದ ಜಾಗಗಳಲ್ಲೇ ಇರುತ್ತವೆ. ದ-ಧ, ಬ-ಭ, ಪ-ಫ ಅದಲುಬದಲಾಗುತ್ತವೆ. ಒತ್ತಕ್ಷರ ಬಿಟ್ಟುಹೋಗುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಸರಿಯುತ್ತದೆ. ಕನ್ನಡ ಅಂಕಿಯ ಸೊನ್ನೆ ಅನುಸ್ವಾರವಾಗಿ ಬದಲಾಗುತ್ತದೆ. ಇಸವಿಗಳಿರುವ ಚರಿತ್ರೆಯ ಪಾಠದಲ್ಲಿ ಇದು ದೊಡ್ಡ ಹಾನಿ. ಎರಡು ಕಾಲಂ ಇರುವ ಪುಟದಲ್ಲಿ ಎಡ ಕಾಲಂನ ಸಾಲಿಗೆ ಬಲ ಕಾಲಂನ ಸಾಲು ಅಂಟಿಕೊಳ್ಳುತ್ತದೆ. ಎಲ್ಲವನ್ನೂ ತಿದ್ದಲು ಹೊತ್ತಿಲ್ಲವೆಂದರೆ ಇಸವಿ, ಅಂಕಿ, ವ್ಯಾಖ್ಯೆ ಮತ್ತು ಹೆಸರುಗಳನ್ನಾದರೂ ಪುಸ್ತಕದ ಜೊತೆ ಹೋಲಿಸಿ ತಿದ್ದಲೇಬೇಕು. ಹತ್ತು ಪುಟಕ್ಕೆ ಅರ್ಧ ಗಂಟೆ ಹೋದರೂ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಗಣಿತಕ್ಕೆ ಇನ್ನೊಂದು ತೊಡಕಿದೆ. ಪಿಡಿಎಫ್‌ನಿಂದ ಪಠ್ಯ ಎತ್ತುವಾಗ ಘಾತಾಂಕ ಕೆಳಗಿಳಿದು 10² ಎಂಬುದು 102 ಆಗುತ್ತದೆ, ಭಿನ್ನರಾಶಿಯ ಅಂಶ ಒಂದು ಸಾಲಿಗೂ ಛೇದ ಮುಂದಿನ ಸಾಲಿಗೂ ಹೋಗುತ್ತದೆ. ಸೂತ್ರಗಳಿರುವ ಅಧ್ಯಾಯವನ್ನು ನೇರ ಹಾಕದೆ, ಸೂತ್ರಗಳನ್ನು ‘10ರ ಘಾತ 2’, ‘3/4’ ಎಂದು ಒಂದೇ ಸಾಲಿನಲ್ಲಿ ಬರೆದ ಟಿಪ್ಪಣಿಯಾಗಿ ಹಾಕುವುದು ಮೇಲು. ಚಿತ್ರ, ನಕ್ಷೆ, ಪಟಗಳಿಗೂ ಹಾಗೇ: ‘ಚಿತ್ರ 4ರಲ್ಲಿ ಎಲೆಯ ಅಡ್ಡಸೀಳಿಕೆ ಇದೆ, ಮೇಲಿನಿಂದ ಕೆಳಕ್ಕೆ ಇಂತಿಂತಹ ಪದರಗಳು’ ಎಂದು ಎರಡು ಸಾಲು ಬರೆದಿಡಿ. ಯೂಟ್ಯೂಬ್ ಕೊಂಡಿ ಕೊಟ್ಟಾಗ ಅದು ಓದುವುದು ಆ ವಿಡಿಯೋದ ಮಾತಿನ ಬರಹರೂಪವನ್ನು ಮಾತ್ರ. ಪರದೆಯ ಮೇಲೆ ಬರೆದ ಲೆಕ್ಕ, ತೋರಿಸಿದ ಪ್ರಯೋಗ ಅದಕ್ಕೆ ಕಾಣಿಸಿಲ್ಲ ಎಂದೇ ಲೆಕ್ಕ ಹಾಕಿ.

ಪ್ರಶ್ನೆ ತಯಾರಿ

ಸ್ಟುಡಿಯೋದಲ್ಲಿ ಸಿದ್ಧ ಕ್ವಿಜ್ ಗುಂಡಿ ಇದೆ; ಪ್ರಶ್ನೆಗಳ ಪ್ರಮಾಣ, ಕಠಿಣತೆ, ವಿಷಯ ಹೇಳಬಹುದು. ಪಾಠ ಮುಗಿದ ಮೇಲೆ ಐದು ನಿಮಿಷದ ಮೆಲುಕಿಗೆ ಅದು ಸಾಕಾಗುತ್ತದೆ. ಮೌಲ್ಯಮಾಪನಕ್ಕೆ ಸಾಲದು. ಅಂಕ ಕೊಡುವ ಪರೀಕ್ಷೆಗೆ ಪ್ರಶ್ನೆ ಬೇಕಿದ್ದರೆ ಚಾಟ್‌ನಲ್ಲಿ ಪೂರ್ತಿ ಸೂಚನೆ ಬರೆದು ಕೇಳಿ. ಕೆಲಸಕ್ಕೆ ಬರುವ ಸೂಚನೆಯ ಮಾದರಿ ಇದು:

“ಅಧ್ಯಾಯದ ‘ಎಲೆಯಲ್ಲಿ ಆಹಾರ ತಯಾರಿ’ ಭಾಗದಿಂದ ಮಾತ್ರ 6 ಬಹು ಆಯ್ಕೆಯ ಪ್ರಶ್ನೆ ಬರೆ. 2 ನೆನಪಿನವು, 2 ಅರ್ಥ ಪರೀಕ್ಷಿಸುವವು, 2 ಪುಸ್ತಕದಲ್ಲಿಲ್ಲದ ಸನ್ನಿವೇಶಕ್ಕೆ ಅನ್ವಯಿಸುವವು. ಪ್ರತಿ ತಪ್ಪು ಆಯ್ಕೆಯೂ ‘ತಪ್ಪುಗಳ ಪಟ್ಟಿ’ಯ ಒಂದು ಸಾಲಿನಿಂದ ಹುಟ್ಟಿರಲಿ, ಎಷ್ಟನೆಯ ಸಾಲು ಎಂದು ಪಕ್ಕದಲ್ಲಿ ಬರೆ. ನಾಲ್ಕು ಆಯ್ಕೆಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರಲಿ. ‘ಮೇಲಿನ ಎಲ್ಲವೂ’ ಬೇಡ. ಪಠ್ಯದ ವಾಕ್ಯ ಹಾಗೇ ಎತ್ತಬೇಡ. ಉತ್ತರಗಳನ್ನು ಕೊನೆಯಲ್ಲಿ ಬೇರೆಯಾಗಿ ಕೊಡು.”

ಇದರ ಒಂದೊಂದು ಸಾಲೂ ಒಂದೊಂದು ದೋಷಕ್ಕೆ ಔಷಧಿ. ಉದ್ದದ ಮಾತು ಹೇಳದಿದ್ದರೆ ಸರಿಯುತ್ತರವೇ ಎಲ್ಲಕ್ಕಿಂತ ಉದ್ದವಾಗಿರುತ್ತದೆ. ಜಾಣ ಮಕ್ಕಳು ಪಾಠ ಓದದೆಯೂ ಅದನ್ನು ಹಿಡಿಯುತ್ತಾರೆ. ತಪ್ಪುಗಳ ಪಟ್ಟಿ ಹೇಳದಿದ್ದರೆ ಉಳಿದ ಮೂರು ಆಯ್ಕೆಗಳು ಯಾರೂ ಆರಿಸದ ಪೊಳ್ಳು ಆಯ್ಕೆಗಳಾಗಿರುತ್ತವೆ. ಪಟ್ಟಿಯಿಂದ ಹುಟ್ಟಿದ ಆಯ್ಕೆಗಳಿದ್ದರೆ ಉತ್ತರಪತ್ರಿಕೆ ನೋಡಿದಾಗ ಇಷ್ಟು ಮಕ್ಕಳು 3ನೇ ತಪ್ಪಿನಲ್ಲಿ ಸಿಲುಕಿದ್ದಾರೆ ಎಂದು ನೇರ ಗೊತ್ತಾಗುತ್ತದೆ, ಮರುದಿನದ ಪಾಠ ಎಲ್ಲಿಂದ ಶುರುವಾಗಬೇಕೆಂಬುದೂ ತಿಳಿಯುತ್ತದೆ. ಉತ್ತರಗಳನ್ನು ಬೇರೆ ಕೇಳುವುದು ನಿಮಗಾಗಿ: ಮೊದಲು ಉತ್ತರಸೂಚಿ ನೋಡದೆ ಆರನ್ನೂ ಬಿಡಿಸಿ, ಆಮೇಲೆ ಹೋಲಿಸಿ. ಸೂಚಿಯನ್ನು ಮುಂದಿಟ್ಟುಕೊಂಡು ಓದಿದರೆ ತಪ್ಪು ಉತ್ತರವೂ ಸರಿಯೆಂದೇ ತೋರುತ್ತದೆ. ಎರಡು ಆಯ್ಕೆಗಳು ಸರಿಯಾಗಬಹುದಾದ ಪ್ರಶ್ನೆಗಳು ಸಿಗುವುದೂ ಹೀಗೆ ಬಿಡಿಸಿದಾಗಲೇ.

ಆರಕ್ಕಿಂತ ಹೆಚ್ಚು ಒಮ್ಮೆಗೇ ಕೇಳಬೇಡಿ. ಇಪ್ಪತ್ತು ಕೇಳಿದರೆ ಎಂಟರ ನಂತರ ಅದೇ ಪ್ರಶ್ನೆ ವೇಷ ಬದಲಿಸಿ ಬರುತ್ತದೆ, ನಿಯಮಗಳೂ ಒಂದೊಂದಾಗಿ ಸಡಿಲವಾಗುತ್ತವೆ. ಸರಿಯುತ್ತರ ಪದೇಪದೇ ಎರಡನೆಯ ಅಥವಾ ಮೂರನೆಯ ಜಾಗದಲ್ಲೇ ಕೂರುವ ಚಾಳಿಯೂ ಇದೆ. ಆಯ್ಕೆಗಳ ಕ್ರಮವನ್ನು ಕೈಯಾರೆ ಕದಡಿ. ಲೆಕ್ಕದ ಪ್ರಶ್ನೆಗಳಲ್ಲಿ ಪ್ರತಿ ಉತ್ತರವನ್ನೂ ಕಾಗದದ ಮೇಲೆ ಮಾಡಿ ನೋಡಲೇಬೇಕು. ಲೆಕ್ಕ ಸರಿಯಿದ್ದರೂ ಸನ್ನಿವೇಶ ಅಸಂಬದ್ಧವಾಗಿರುವುದುಂಟು: ಗಂಟೆಗೆ 40 ಕಿಲೋಮೀಟರ್ ನಡೆಯುವ ಮನುಷ್ಯ, 2.5 ಮಕ್ಕಳಿರುವ ಗುಂಪು.

ಪುಟ್ಟ ಅಂಕಿಗಳ ಬಗ್ಗೆ ಒಂದು ಎಚ್ಚರ. ಅಂಕಿ ಇದ್ದರೆ ಮಾತು ಸರಿ ಎಂದು ನಂಬಿ ಬಿಡುವುದು ಸುಲಭ. ಉಪಕರಣ ಎರಡು ತುಣುಕುಗಳನ್ನು ನಿಜವಾಗಿ ಎತ್ತಿ, ಅವುಗಳ ನಡುವೆ ಪಠ್ಯದಲ್ಲಿಲ್ಲದ ‘ಆದ್ದರಿಂದ’ ಒಂದನ್ನು ಸೇರಿಸಬಲ್ಲದು. ತುಣುಕು ಒಂದೂ ತಪ್ಪಲ್ಲ, ತುಣುಕು ಎರಡೂ ತಪ್ಪಲ್ಲ, ಕಾರಣ-ಪರಿಣಾಮದ ಕೊಂಡಿ ಮಾತ್ರ ಕಲ್ಪಿತ. ಚರಿತ್ರೆ ಮತ್ತು ಜೀವವಿಜ್ಞಾನದಲ್ಲಿ ಇದು ಹೆಚ್ಚು. ‘ಆದ್ದರಿಂದ’, ‘ಇದರ ಫಲವಾಗಿ’, ‘ಹೀಗಾಗಿ’ ಎಂಬ ಪದಗಳಿರುವ ವಾಕ್ಯಗಳ ಅಂಕಿಗಳನ್ನಂತೂ ಒತ್ತಿ ಮೂಲ ಓದಲೇಬೇಕು.

ಎರಡು ಮಟ್ಟದ ಓದು

ಒಂದೇ ತರಗತಿಯಲ್ಲಿ ಸರಾಗ ಓದುವವರೂ ಅಕ್ಷರ ಕೂಡಿಸಿ ಓದುವವರೂ ಇರುತ್ತಾರೆ. ಅದೇ ವಿಷಯವನ್ನು ಸರಳ ಪಠ್ಯವಾಗಿ ಬರೆಸುವುದು ಈ ಉಪಕರಣದ ಎರಡನೆಯ ಒಳ್ಳೆಯ ಉಪಯೋಗ. ‘ಸರಳವಾಗಿ ಬರೆ’ ಎಂದಷ್ಟೇ ಹೇಳಿದರೆ ಅದು ವಾಕ್ಯಗಳನ್ನು ಕಡಿಮೆ ಮಾಡುತ್ತದೆ, ಪದಗಳನ್ನು ಹಾಗೇ ಬಿಡುತ್ತದೆ. ‘ಒಂದು ವಾಕ್ಯದಲ್ಲಿ 8 ಪದ ಮೀರಬೇಡ, ಸಮಾಸಪದ ಬಿಡಿಸಿ ಬರೆ, ಪದಪಟ್ಟಿಯ 5 ಪದಗಳನ್ನು ಮಾತ್ರ ಹಾಗೇ ಉಳಿಸಿ ಮೊದಲ ಸಲ ಬಂದಾಗ ಅರ್ಥ ಹೇಳು’ ಎಂದು ಅಳತೆ ಕೊಟ್ಟರೆ ಕೆಲಸ ಆಗುತ್ತದೆ. ಪದಗಳ ಎಣಿಕೆಯಲ್ಲಿ ಅದು ಕರಾರುವಾಕ್ಕಲ್ಲ, ಎಂಟು ಹೇಳಿದರೆ ಹತ್ತು ಬರುವುದುಂಟು; ಆದರೂ ಹದ ಸಿಗುತ್ತದೆ.

ಸರಳಗೊಳಿಸುವಾಗ ಮೊದಲು ಬೀಳುವುದು ಷರತ್ತಿನ ಪದಗಳು. ‘ಸಮುದ್ರಮಟ್ಟದ ವಾಯುಭಾರದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ’ ಎಂಬುದು ‘ನೀರು 100 ಡಿಗ್ರಿಗೆ ಕುದಿಯುತ್ತದೆ’ ಆಗುತ್ತದೆ. ‘ಹೆಚ್ಚಿನ’, ‘ಸಾಮಾನ್ಯವಾಗಿ’, ‘ಇದ್ದಾಗ ಮಾತ್ರ’ ಮಾಯವಾಗುತ್ತವೆ. ಮೂಲ ಪಠ್ಯದಲ್ಲಿ ಇಂತಹ ಪದಗಳಿಗೆ ಮೊದಲೇ ಅಡಿಗೆರೆ ಎಳೆದುಕೊಂಡು, ಸರಳ ಪಠ್ಯದಲ್ಲಿ ಅವು ಉಳಿದಿವೆಯೇ ಎಂದಷ್ಟೇ ನೋಡಿದರೂ ಪರೀಕ್ಷೆ ಬೇಗ ಮುಗಿಯುತ್ತದೆ. ನಿಧಾನ ಓದುವ ಮಗುವಿಗೆ ಕಡಿಮೆ ಸತ್ಯ ಕೊಡುವ ಹಕ್ಕು ಯಾರಿಗೂ ಇಲ್ಲ; ಇಲ್ಲಿ ರಿಯಾಯಿತಿ ಬೇಡ.

ಆಡಿಯೋ ಮತ್ತು ಉಳಿದ ಗುಂಡಿಗಳು

ಇಬ್ಬರು ಮಾತಾಡುವ ಶೈಲಿಯ ಆಡಿಯೋ 2024ರ ಸೆಪ್ಟೆಂಬರ್‌ನಲ್ಲಿ ಬಂದು ಈ ಉಪಕರಣಕ್ಕೆ ಹೆಸರು ತಂದಿತು. 2025ರ ಏಪ್ರಿಲ್‌ನಲ್ಲಿ 50ಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು. ಕೇಳಲು ಹಿತ. ತರಗತಿಗೆ ಮಾತ್ರ ಹೆಚ್ಚು ಪ್ರಯೋಜನವಿಲ್ಲ. ಮಾತು ರಂಜಿಸಬೇಕೆಂಬ ಹಂಬಲದಲ್ಲಿ ಪಠ್ಯದಲ್ಲಿಲ್ಲದ ಹೋಲಿಕೆಗಳು ಸೇರಿಕೊಳ್ಳುತ್ತವೆ, ಮತ್ತು ಒತ್ತಿ ನೋಡಲು ಆಡಿಯೋದಲ್ಲಿ ಅಂಕಿಗಳಿಲ್ಲ. ಪರೀಕ್ಷಿಸುವ ಸೌಕರ್ಯವೇ ಈ ಉಪಕರಣದ ಶಕ್ತಿಯಾಗಿರುವಾಗ ಅದನ್ನು ಬಿಟ್ಟುಕೊಟ್ಟಂತೆ. ಹೊಸ ಅಧ್ಯಾಯದ ಹರಿವು ಹಿಡಿಯಲು ಶಿಕ್ಷಕರು ತಾವು ಕೇಳುವುದಾದರೆ ಸರಿ. ಮೈಂಡ್ ಮ್ಯಾಪ್ ಕಪ್ಪುಹಲಗೆಯ ನಕ್ಷೆಗೆ ಕಚ್ಚಾ ಕರಡಾಗಿ ಬಳಕೆಯಾಗುತ್ತದೆ. ಫ್ಲ್ಯಾಶ್‌ಕಾರ್ಡ್ ಪದಪಟ್ಟಿಯೊಂದನ್ನೇ ಗುರುತು ಹಾಕಿ ಮಾಡಿಸಿದಾಗ ಚೆನ್ನ, ಇಡೀ ಅಧ್ಯಾಯದಿಂದ ಮಾಡಿಸಿದಾಗ ಚಿಲ್ಲರೆ.

ಯಾವುದಕ್ಕೆ ಬೇರೆ ಉಪಕರಣ ಬೇಕು

ಪಠ್ಯಕ್ಕೆ ಕಟ್ಟಿಹಾಕಿಕೊಂಡಿರುವುದರ ಇನ್ನೊಂದು ಮುಖವೆಂದರೆ ಹೊಸ ಕಲ್ಪನೆಗಳು ಕಡಿಮೆ. ‘ಘರ್ಷಣೆಯನ್ನು ತರಗತಿಯಲ್ಲಿರುವ ವಸ್ತುಗಳಿಂದ ತೋರಿಸಲು ಐದು ಚಟುವಟಿಕೆ ಹೇಳು’ ಎಂದರೆ ನೋಟ್‌ಬುಕ್‌ಎಲ್‌ಎಂ ಪುಸ್ತಕದ ಚಟುವಟಿಕೆಗಳನ್ನೇ ತಿರುಗಿಸಿ ಹೇಳುತ್ತದೆ. ಅಲ್ಲಿ ಚಾಟ್‌ಜಿಪಿಟಿ ಅಥವಾ ಸಾಮಾನ್ಯ ಜೆಮಿನಿ ಮೇಲು. ಇಂತಹ ಬಳಕೆಗೆ ಗಟ್ಟಿ ಆಧಾರವೂ ಇದೆ: 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ 68 ಶಾಲೆಗಳ 259 ವಿಜ್ಞಾನ ಶಿಕ್ಷಕರು ಭಾಗವಹಿಸಿದ್ದರು. ಮಾರ್ಗದರ್ಶಿಯೊಂದರ ಜೊತೆ ಚಾಟ್‌ಜಿಪಿಟಿ ಬಳಸಿದವರ ಪಾಠ ತಯಾರಿಯ ಸಮಯ ವಾರಕ್ಕೆ 56.2 ನಿಮಿಷ, ಬಳಸದವರದು 81.5 ನಿಮಿಷ. ತಜ್ಞರು ಎರಡೂ ಗುಂಪಿನ ಪಾಠಸಾಮಗ್ರಿ ನೋಡಿದಾಗ ಗುಣಮಟ್ಟದಲ್ಲಿ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ವಾರಕ್ಕೆ 25 ನಿಮಿಷ ಎಂಬುದು ಜಾಹೀರಾತುಗಳು ಹೇಳುವಷ್ಟು ದೊಡ್ಡದಲ್ಲ, ಆದರೂ ನಿಜವಾದದ್ದು. ಆ ಶಿಕ್ಷಕರ ಕೈಯಲ್ಲಿ ಮಾರ್ಗದರ್ಶಿ ಇತ್ತು ಎಂಬುದನ್ನೂ ಗಮನಿಸಬೇಕು. ಬರೀ ಖಾತೆ ತೆರೆದುಕೊಟ್ಟು ಕೈತೊಳೆದುಕೊಳ್ಳುವ ತರಬೇತಿಗಳಿಂದ ಇಂತಹ ಫಲ ನಿರೀಕ್ಷಿಸಬಾರದು.

ವಿಜ್ಞಾನದ ಚಿತ್ರಗಳನ್ನು ಎಐನಿಂದ ಬರೆಸುವ ಆಸೆಯನ್ನು ಸದ್ಯಕ್ಕೆ ಬಿಡುವುದೇ ಲೇಸು. ಹೃದಯದ ಚಿತ್ರ ಅಂದವಾಗಿ ಬರುತ್ತದೆ, ಕವಾಟದ ಗೆರೆ ಕವಾಟಕ್ಕೆ ಮುಟ್ಟಿರುವುದಿಲ್ಲ, ಕನ್ನಡದ ಹೆಸರುಗಳಲ್ಲಿ ಒತ್ತಕ್ಷರ ಕದಡಿರುತ್ತದೆ. ಹಲಗೆಯ ಮೇಲೆ ಕೈಯಿಂದ ಬರೆದ ಚಿತ್ರವೇ ಇವತ್ತಿಗೂ ಉತ್ತಮ.

ಅಂಕ ಹಾಕಿಸುವುದು ಬೇಡ

ಉತ್ತರಪತ್ರಿಕೆಗೆ ಅಂಕ ಹಾಕಿಸುವುದಕ್ಕೆ ಈ ಉಪಕರಣವೂ ಸೇರಿ ಯಾವುದನ್ನೂ ಶಿಫಾರಸು ಮಾಡಲಾಗದು. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ: ಒಂದೇ ಪ್ರಬಂಧವನ್ನು ಅದೇ ಅಂಕಸೂಚಿಯೊಂದಿಗೆ ಮೂರು ಹೊಸ ಚಾಟ್‌ಗಳಲ್ಲಿ ಹಾಕಿ ಹತ್ತಕ್ಕೆ ಅಂಕ ಕೇಳಿ. ಮೂರೂ ಸಲ ಒಂದೇ ಅಂಕ ಬರುವ ಖಾತರಿ ಇಲ್ಲ, ಏಕೆಂದರೆ ಈ ಮಾದರಿಗಳು ಪ್ರತಿ ಪದವನ್ನೂ ಸಂಭಾವ್ಯತೆಯ ಮೇಲೆ ಆರಿಸುತ್ತವೆ. ‘ಇದಕ್ಕೆ ಇನ್ನೂ ಹೆಚ್ಚು ಕೊಡಬಹುದಲ್ಲವೇ’ ಎಂದು ಕೇಳಿದರೆ ಸುಲಭವಾಗಿ ಒಪ್ಪಿಕೊಳ್ಳುವ ಸ್ವಭಾವವೂ ಇದೆ. ಅಂಕದ ಬದಲು, ಅಂಕಸೂಚಿಯ ಯಾವ ಅಂಶ ಈ ಉತ್ತರದಲ್ಲಿ ಬಂದಿಲ್ಲ ಎಂದು ಪಟ್ಟಿ ಮಾಡಿಸಬಹುದು; ಅದನ್ನು ನೋಡಿ ಅಂಕ ಹಾಕುವವರು ಶಿಕ್ಷಕರೇ ಆಗಿರಲಿ.

ಉತ್ತರಪತ್ರಿಕೆಯನ್ನು ಉಪಕರಣಕ್ಕೆ ಹಾಕುವಾಗ ಅದರಲ್ಲಿ ಮಗುವಿನ ಹೆಸರು, ಕ್ರಮಸಂಖ್ಯೆ, ಊರು, ಆರೋಗ್ಯದ ವಿವರ ಯಾವುದೂ ಇರಕೂಡದು. ಫೋಟೋ ಹಾಕುವುದಾದರೆ ಹೆಸರಿರುವ ಮೇಲ್ಭಾಗ ಕತ್ತರಿಸಿ. ಪಟ್ಟಿಯಾದರೆ ಅ, ಆ, ಇ ಎಂದು ಗುರುತು ಕೊಟ್ಟು, ಯಾವ ಗುರುತು ಯಾರದು ಎಂಬುದನ್ನು ಕಾಗದದಲ್ಲಿಟ್ಟುಕೊಳ್ಳಿ. ಶಾಲೆ ಕೊಟ್ಟ ಶಿಕ್ಷಣ ಖಾತೆ ಇದ್ದರೆ ಅದನ್ನೇ ಬಳಸಿ. ವೈಯಕ್ತಿಕ ಖಾತೆಯಲ್ಲಿ ಹೆಬ್ಬೆರಳು ಮೇಲೆ-ಕೆಳಗೆ ಒತ್ತಿ ಪ್ರತಿಕ್ರಿಯೆ ಕೊಟ್ಟಾಗ ನಿಮ್ಮ ಪ್ರಶ್ನೆ, ಸೇರಿಸಿದ ಪಠ್ಯ, ಬಂದ ಉತ್ತರ ಇವನ್ನು ಮನುಷ್ಯರು ಪರಿಶೀಲಿಸಬಹುದು.

‘ಇದನ್ನು ಎಐ ಬರೆದಿದೆಯೇ’ ಎಂದು ಹೇಳುವ ಪತ್ತೆ ತಂತ್ರಾಂಶಗಳನ್ನು ನಂಬಿ ಯಾವ ಮಗುವಿನ ಮೇಲೂ ಆರೋಪ ಹೊರಿಸಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಕಂಪನಿ ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅನುಮಾನ ಬಂದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಈ ಎರಡನೆಯ ಪ್ಯಾರಾದಲ್ಲಿ ಏನು ಹೇಳಿದ್ದೀಯಾ, ನಿನ್ನ ಮಾತಲ್ಲಿ ಹೇಳು’ ಎಂದು ಕೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮಕ್ಕಳ ಕೈಗೆ ಏಕೆ ಬೇಡ

ಯುನೆಸ್ಕೋ 2023ರ ಸೆಪ್ಟೆಂಬರ್‌ನ ಮಾರ್ಗದರ್ಶಿಯಲ್ಲಿ ತರಗತಿಯಲ್ಲಿ ಇಂತಹ ಉಪಕರಣ ಬಳಸಲು ಕನಿಷ್ಠ 13 ವರ್ಷವಾಗಿರಬೇಕೆಂದು ಸೂಚಿಸಿತು. ವಯಸ್ಸಿಗಿಂತ ದೊಡ್ಡ ಕಾರಣ ಕಲಿಕೆಯದು. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ಪ್ರಯೋಗ ನಡೆಯಿತು. ಸಾಮಾನ್ಯ ಚಾಟ್‌ಬಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮೇಲೇರಿದರು, ಅದನ್ನು ಕಸಿದುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಬಳಸದವರಿಗಿಂತ ಶೇ. 17ರಷ್ಟು ಕೆಳಗಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ಸೂಚನೆಗಳನ್ನು ಸೇರಿಸಿ ಕಟ್ಟಿದ ಇನ್ನೊಂದು ಚಾಟ್‌ಬಾಟ್ ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ಇರಲಿಲ್ಲ.

ನೋಟ್‌ಬುಕ್‌ಎಲ್‌ಎಂ ಅಧ್ಯಾಯವನ್ನು ಒಂದು ಪುಟಕ್ಕೆ ಇಳಿಸಿಕೊಡುತ್ತದೆ. ಶಿಕ್ಷಕರಿಗೆ ಅದು ಸಹಾಯ. ಓದುವುದು, ಮುಖ್ಯವಾದದ್ದನ್ನು ಆರಿಸುವುದು, ಸ್ವಂತ ಮಾತಲ್ಲಿ ಬರೆಯುವುದು, ಈ ಮೂರನ್ನೇ ಕಲಿಯಬೇಕಾದ ಮಗುವಿನ ಕೆಲಸವನ್ನು ಅದು ಕಿತ್ತುಕೊಳ್ಳುತ್ತದೆ. ದೊಡ್ಡ ತರಗತಿಗಳಲ್ಲಿ ತೋರಿಸಲೇಬೇಕೆಂದರೆ ಶಿಕ್ಷಕರ ಪರದೆಯ ಮೇಲೆ, ಎಲ್ಲರೂ ನೋಡುವಂತೆ, ತಪ್ಪು ಹುಡುಕುವ ಆಟವಾಗಿ ಮಾಡಬಹುದು. ಮಕ್ಕಳು ಮೊದಲು ತಮ್ಮ ಸಾರಾಂಶ ಬರೆಯಲಿ. ಆಮೇಲೆ ಯಂತ್ರದ್ದನ್ನು ತೋರಿಸಿ, ಪ್ರತಿ ಅಂಕಿಯನ್ನು ಒತ್ತಿ, ಪುಸ್ತಕ ತೆರೆದು, ‘ಈ ಮಾತು ಇಲ್ಲಿದೆಯೇ?’ ಎಂದು ಕೇಳುತ್ತಾ ಹೋಗಿ. ಐದಾರು ವಾಕ್ಯಗಳಿಗೆ ಒಂದು ಅವಧಿ ಪೂರ್ತಿ ಹಿಡಿಯುತ್ತದೆ.

ವರ್ಷ ಕಳೆದಂತೆ

ಸಹೋದ್ಯೋಗಿಗಳ ಜೊತೆ ಹಂಚಿಕೊಳ್ಳುವಾಗ ನೋಡುವ ಅನುಮತಿಯನ್ನಷ್ಟೇ ಕೊಡಿ. ತಿದ್ದುವ ಅನುಮತಿ ಇದ್ದವರು ಸೋರ್ಸ್ ಅಳಿಸಬಲ್ಲರು. ಪದಪಟ್ಟಿಯನ್ನು ಗೂಗಲ್ ಡಾಕ್ಸ್‌ನಲ್ಲಿಟ್ಟಿದ್ದರೆ ಅಲ್ಲಿ ತಿದ್ದಿದ ಮೇಲೆ ಇಲ್ಲಿ ಸೋರ್ಸ್ ತೆರೆದು ಡ್ರೈವ್ ಜೊತೆ ಸಿಂಕ್ ಮಾಡಿ, ಇಲ್ಲದಿದ್ದರೆ ಹಳೆಯ ಪ್ರತಿಯನ್ನೇ ಓದುತ್ತಿರುವ ಸಾಧ್ಯತೆ ಇದೆ. ಪಠ್ಯಪುಸ್ತಕ ಪರಿಷ್ಕರಣೆಯಾದ ವರ್ಷ ಹಳೆಯ ಅಧ್ಯಾಯವನ್ನು ಅಳಿಸಿಯೇ ಹೊಸದನ್ನು ಹಾಕಬೇಕು. ಎರಡೂ ಉಳಿದರೆ ಉತ್ತರದಲ್ಲಿ ಅರ್ಧ ಇದರಿಂದ, ಅರ್ಧ ಅದರಿಂದ ಬರುತ್ತದೆ, ಮತ್ತು ಎರಡಕ್ಕೂ ಅಂಕಿ ಇರುತ್ತದೆ. ತಪ್ಪುಗಳ ಪಟ್ಟಿಗೆ ಮಾತ್ರ ಪ್ರತಿ ಪರೀಕ್ಷೆಯ ನಂತರ ಎರಡು ಸಾಲು ಸೇರಿಸುತ್ತಾ ಹೋಗಿ. ಮುಂದಿನ ವರ್ಷ ಅದೇ ಅಧ್ಯಾಯಕ್ಕೆ ಪ್ರಶ್ನೆ ಕೇಳಿದಾಗ ತಪ್ಪು ಆಯ್ಕೆಗಳು ನಿಮ್ಮ ತರಗತಿಯ ಮಕ್ಕಳು ನಿಜವಾಗಿ ಎಡವಿದ ಜಾಗಗಳಿಂದಲೇ ಬರುತ್ತವೆ.